ರೇಡಿಯೇಟರಿಗೆ ಬೋರ್ ನೀರು ಸುರಿದು ನನಗ್ಯಾಕೆ ಬರೆಯುತ್ತೀರಿ?

ಮಾರ್ಚ್ ಕಾಲಿಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲ ಕಡೆಯಿಂದ ಒಂದೇ ಪ್ರಶ್ನೆ: ಗಾಡಿ ಹೀಟ್ ಆಗ್ತದ, ಏನ್ ಮಾಡೂಣು? ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಆಯಿಲ್ ಕಡ್ಡಿ ನೋಡುವುದು ಹೇಗೆ, ಬಾನೆಟ್ ತೆರೆಯುವ ಲಿವರ್ ಎಲ್ಲಿದೆ ಎಂದು ಕೇಳಿದವರು ಗಾಡಿಯ ಜತೆ ಬಂದ ಪುಸ್ತಕವನ್ನು ಒಮ್ಮೆಯಾದರೂ ಬಿಚ್ಚಿ ನೋಡಲಿ.

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರ್. ಗದಗದಿಂದ ಹುಬ್ಬಳ್ಳಿ ತನಕ ಏನೂ ಆಗಂಗಿಲ್ಲ. ಹುಬ್ಬಳ್ಳ್ಯಾಗ ಎಸಿ ಹಾಕ್ಕೊಂಡು ಟ್ರಾಫಿಕ್‌ನ್ಯಾಗ ನಿಂತರ ಹೀಟ್ ತೋರ್ಸೂ ಮುಳ್ಳು ಏರತೈತಿ. ಮಿಸ್ತ್ರಿ ಥರ್ಮೋಸ್ಟಾಟ್ ತಗದು ಒಗದಾನ, ಆದ್ರೂ ಕಡಿಮಿ ಆಗಿಲ್ಲ. ಕೂಲಂಟ್ ತುಟ್ಟಿ ಅಂತ ಬೋರ್ ನೀರs ಹಾಕ್ತೇವಿ. ಈಗ ರೇಡಿಯೇಟರ್ ಬದಲಿ ಮಾಡ್ರಿ ಅನ್ನಾಕತ್ತಾರ. ಮಾಡಿಸೂದೇನು?

ತಡೆಯಿರಿ. ರೋಗ ಯಾವುದೆಂದು ನೀವೇ ಬರೆದಿದ್ದೀರಿ, ನಿಮ್ಮ ಮಿಸ್ತ್ರಿ ಕಿವಿಗೆ ಹಾಕಿಕೊಂಡಿಲ್ಲ ಅಷ್ಟೇ. ಗಾಡಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹೈವೇಯಲ್ಲಿ ಸರಿಯಿದ್ದು ಸಿಗ್ನಲ್ಲಿನಲ್ಲಿ ಮುಳ್ಳು ಏರುತ್ತದೆ ಎಂದರೆ ಮೊದಲ ಅನುಮಾನ ಫ್ಯಾನಿನ ಮೇಲೆ, ಎರಡನೆಯದು ರೇಡಿಯೇಟರಿನ ಮುಂದೆ ಗಾಳಿ ಕಟ್ಟಿದೆಯೇ ಎಂಬುದರ ಮೇಲೆ. ಇದರ ತಿರುವುಮುರುವು, ಅಂದರೆ ಊರೊಳಗೆ ಸರಿಯಿದ್ದು ವೇಗದಲ್ಲಿ ಅಥವಾ ಘಾಟಿನಲ್ಲಿ ಹೀಟ್ ಆದರೆ ಮೊದಲ ಅನುಮಾನ ರೇಡಿಯೇಟರ್ ಒಳಗಿನ ಕೊಳವೆ ಕಟ್ಟಿರುವುದು, ಕೂಲಂಟ್ ಕಡಿಮೆಯಾಗಿರುವುದು, ವಾಟರ್ ಪಂಪ್ ಸೋತಿರುವುದು, ಇವುಗಳ ಮೇಲೆ. ಈ ಒಂದು ವ್ಯತ್ಯಾಸ ಕೇಳದೆ ರೇಡಿಯೇಟರ್ ಬದಲಿಸಲು ಹೇಳುವವನ ಹತ್ತಿರ ಗಾಡಿ ಬಿಡಬೇಡಿ.

ಫ್ಯಾನ್ ಪರೀಕ್ಷೆಗೆ ಐದು ನಿಮಿಷ ಸಾಕು. ಎಂಜಿನ್ ಶುರು ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ಫ್ಯಾನಿಗೆ ಕರೆಂಟ್ ಬಿಡುವ ರಿಲೇ (ಪಕ್ಕದ ಅದೇ ಅಳತೆಯ ರಿಲೇ ಅದಲುಬದಲು ಮಾಡಿ ನೋಡಿ), ಆಮೇಲೆ ಮೋಟರಿನ ಪ್ಲಗ್ ಕಿತ್ತು ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡುವುದು. ನೇರ ಕೊಟ್ಟರೂ ಕುಂಟುತ್ತ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ. ಕೆಲವು ಗಾಡಿಗಳಲ್ಲಿ ಫ್ಯಾನಿಗೆ ಎರಡು ವೇಗ ಇರುತ್ತವೆ. ನಿಧಾನದ ವೇಗಕ್ಕೆ ಇರುವ ರೆಸಿಸ್ಟರ್ ಸುಟ್ಟರೆ ಫ್ಯಾನ್ ತಡವಾಗಿ, ಒಮ್ಮೆಗೇ ಜೋರಾಗಿ ಹೊಡೆದುಕೊಳ್ಳುತ್ತದೆ. ಪರೀಕ್ಷೆಯ ಹೊತ್ತಿಗೆ ಕೈ, ದುಪ್ಪಟ್ಟಾ, ಪಂಚೆಯ ಅಂಚು ಫ್ಯಾನಿನಿಂದ ದೂರ ಇರಲಿ. ಎಂಜಿನ್ ಬಂದ್ ಮಾಡಿದ ಮೇಲೂ ಅದು ತಿರುಗಬಹುದು.

ಫ್ಯಾನ್ ಸರಿಯಿದ್ದರೆ ಟಾರ್ಚ್ ಹಿಡಿದು ಗ್ರಿಲ್ಲಿನೊಳಗೆ ನೋಡಿ. ಮುಂದೆ ಕಾಣುವುದು ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ನಮ್ಮ ಕಡೆ ಸುಗ್ಗಿಯಲ್ಲಿ ಜೋಳ, ಹುರುಳಿ, ಕಡಲೆ ಎಲ್ಲವನ್ನೂ ಡಾಂಬರು ರಸ್ತೆಗೆ ಹಾಸಿ ಹೋಗುವ ಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಆ ಹೊಟ್ಟು, ಹತ್ತಿಯ ಎಳೆ, ಎರೆ ಹೊಲದ ಧೂಳು ಮೂರೂ ಸೇರಿ ಈ ಎರಡರ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ ಕಾಣುತ್ತದೆ, ಮೋಸ ಅಲ್ಲಿದೆ. ಎಂಜಿನ್ ತಣ್ಣಗಿದ್ದಾಗ ಎಂಜಿನ್ ಬದಿಯಿಂದ ಹೊರಕ್ಕೆ, ಸಾದಾ ಪೈಪಿನ ನೀರು ಬಿಡಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಗಿಡಿಯುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿಸಿದರೆ ತೆಳು ಅಲ್ಯೂಮಿನಿಯಂ ಫಿನ್‌ಗಳು ಮಲಗಿಬಿಡುತ್ತವೆ. ಮಲಗಿದ ಫಿನ್ನಿನಲ್ಲಿ ಗಾಳಿ ದಾಟುವುದಿಲ್ಲ. ಅಂದಹಾಗೆ ರಸ್ತೆಗೆ ಹಾಸಿದ ಕಣಿಕೆ, ಹೊಟ್ಟಿನ ಮೇಲೆ ಗಾಡಿ ಹಾಯಿಸದಿರುವುದೇ ಲೇಸು. ಅದು ಆಕ್ಸಲ್ಲಿಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಕೊಳವೆಗೆ ತಾಗಿದರೆ ಕಾರಿಗೇ ಬೆಂಕಿ.

ಈಗ ಥರ್ಮೋಸ್ಟಾಟ್, ಅಂದರೆ ಎಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ಇದರೊಳಗೆ ಒಂದು ಮೇಣದ ಗುಳಿಗೆ ಇದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ಅದು ಕರಗಿ ಉಬ್ಬಿ ಬಾಗಿಲು ತೆರೆಯುತ್ತದೆ. ನಿಮ್ಮ ಗಾಡಿಯಲ್ಲಿ ಅದನ್ನು ಕಿತ್ತದ್ದರಿಂದ ಸಿಗ್ನಲ್ಲಿನ ಬಿಸಿ ಇಳಿಯಲಿಲ್ಲ, ಯಾಕೆಂದರೆ ಇಲ್ಲಿ ಕೊರತೆ ಗಾಳಿಯದು, ನೀರಿನ ಹರಿವಿನದಲ್ಲ. ಆದರೆ ನಷ್ಟ ಮಾತ್ರ ಶುರುವಾಗಿದೆ. ಹೈವೇಯಲ್ಲಿ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ. ಕಂಪ್ಯೂಟರ್ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೆಡುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಬುಡವೇ ಬೈಪಾಸ್ ದಾರಿಯನ್ನು ಮುಚ್ಚುವುದು. ಅದನ್ನು ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಹೀಟ್ ಇನ್ನೂ ಹೆಚ್ಚುತ್ತದೆ. ಅದೇ ಡಿಗ್ರಿಯ ಹೊಸದನ್ನು, ಹೊಸ ರಬ್ಬರ್ ರಿಂಗಿನೊಂದಿಗೆ, ಗಾಳಿ ಹೋಗುವ ಸಣ್ಣ ತೂತು ಮೇಲೆ ಬರುವಂತೆ ಕೂಡಿಸಿ. ‘ನಮ್ಮ ದೇಶದ ಬಿಸಿಲಿಗೆ ಥರ್ಮೋಸ್ಟಾಟ್ ಬೇಕಿಲ್ಲ’ ಎನ್ನುವ ವಿದ್ವಾಂಸರು ಹೊಸಪೇಟೆಯಿಂದ ಅಂಕೋಲೆವರೆಗೆ ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಕೇಳಬೇಡಿ.

ಉಳಿಯಿತು ನೀರಿನ ಮಾತು. ಕೂಲಂಟ್ ಹಿಮ ಬೀಳುವ ದೇಶದವರಿಗೆ, ನಮಗೆ ಯಾಕೆ ಎನ್ನುತ್ತಾರೆ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೂಲಂಟಿನ ಮೂಲವಸ್ತುವಾದ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತರೆ ಕುದಿಬಿಂದು ಆರೇಳು ಡಿಗ್ರಿ ಏರುತ್ತದೆ. ಸುಮಾರು 1 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಅದರ ಮೇಲೆ ಇಪ್ಪತ್ತು ಡಿಗ್ರಿಯಷ್ಟು ಸೇರಿಸುತ್ತದೆ. ಅಂದರೆ ರಬ್ಬರ್ ಸೀಳಿದ ಹಳೆ ಕ್ಯಾಪ್ ಇಟ್ಟುಕೊಂಡು ತುಟ್ಟಿ ಕೂಲಂಟ್ ಹಾಕಿದರೆ ಏನೂ ಬರಕತ್ತಿಲ್ಲ. ಕೆಲವು ನೂರು ರೂಪಾಯಿಯ ಆ ಕ್ಯಾಪನ್ನು ಮೊದಲು ಬದಲಿಸಿ, ಮೇಲೆ ಬರೆದ ಅಂಕಿ ಹಳೆಯದರದ್ದೇ ಇರಲಿ. ಗಾಡಿ ತಣಿದ ಮೇಲೆ ಮೇಲಿನ ಪೈಪ್ ಒಳಕ್ಕೆ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಕ್ಯಾಪಿನ ಒಳಗಿನ ಸಣ್ಣ ವಾಲ್ವ್ ಅಂಟಿಕೊಂಡಿದೆ ಎಂದರ್ಥ.

ಆದರೆ ಕೂಲಂಟಿನ ಮುಖ್ಯ ಕೆಲಸ ಕುದಿಬಿಂದು ಏರಿಸುವುದಲ್ಲ, ತುಕ್ಕು ತಡೆಯುವುದು. ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್, ಬೀಡುಕಬ್ಬಿಣ, ಬೆಸುಗೆ, ರಬ್ಬರ್ ಎಲ್ಲ ಒಂದೇ ನೀರಿನಲ್ಲಿ ನೆನೆಯುತ್ತವೆ. ಗದಗ ಕಡೆಯ ಬೋರ್ ನೀರಿನ ಗಡಸುತನ ನಿಮಗೆ ಗೊತ್ತು. ಚಹಾ ಪಾತ್ರೆಯ ತಳದಲ್ಲಿ ಬಿಳಿ ಹೆಕ್ಕಳೆ ಕೂರುತ್ತದಲ್ಲ, ಅದೇ ರೇಡಿಯೇಟರಿನ ಕೂದಲು ಸಂದಿಯಂಥ ಕೊಳವೆಯಲ್ಲಿ ಕೂರುತ್ತದೆ. ಹೊಳೆ ನೀರು, ನಳದ ನೀರು ಸ್ವಲ್ಪ ವಾಸಿ, ಅಷ್ಟೇ. ಬಾಟಲಿಯ ಕುಡಿಯುವ ನೀರಿನಲ್ಲೂ ಲವಣ ಇರುತ್ತದೆ. ಬೇಕಾದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ಅಥವಾ ಡಿಎಂ (ಲವಣ ತೆಗೆದ) ನೀರು, 5 ಲೀಟರ್ ಕ್ಯಾನ್ ಎಲ್ಲ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ.

ಬದಲಿಸುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣಿದಿರಬೇಕು. ರೇಡಿಯೇಟರಿನ ಕೆಳಗಿನ ಪ್ಲಗ್ ಅಥವಾ ಕೆಳಪೈಪ್ ಬಿಚ್ಚಿ ಹಳೆಯ ನೀರನ್ನು ಬಕೀಟಿಗೆ ಇಳಿಸಿ, ಮುಚ್ಚಿ, ಡಿಎಂ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಪೈಪ್ ಒಮ್ಮೆಲೇ ಕಾಯುವ ತನಕ ಐಡಲ್‌ನಲ್ಲಿ ಓಡಿಸಿ. ಆರಿಸಿ, ತಣಿಸಿ, ಇಳಿಸಿ. ತಿಳಿ ನೀರು ಬರುವ ತನಕ ಎರಡು ಮೂರು ಸಲ.

ಇಲ್ಲೇ ಎಲ್ಲರೂ ಲೆಕ್ಕ ತಪ್ಪುವುದು. ಪುಸ್ತಕದಲ್ಲಿ ಒಟ್ಟು 4 ಲೀಟರ್ ಎಂದಿದೆ ಎನ್ನೋಣ. ಪ್ಲಗ್ ಬಿಚ್ಚಿದರೆ ಇಳಿಯುವುದು ಎರಡೂವರೆ ಲೀಟರ್. ಉಳಿದ ಒಂದೂವರೆ ಲೀಟರ್ ತೊಳೆದ ನೀರು ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಮೇಲೆ ಅರ್ಧ ನೀರು ಬೆರೆಸಿಯೇ ಬರುವ ರೆಡಿಮಿಕ್ಸ್ ಕೂಲಂಟ್ ಎರಡೂವರೆ ಲೀಟರ್ ಸುರಿದರೆ ಅದರಲ್ಲಿ ಗ್ಲೈಕಾಲ್ ಒಂದೂಕಾಲು ಲೀಟರ್, ಒಟ್ಟಿನಲ್ಲಿ ಶೇ 31. ನಿಮಗೆ ಬೇಕಾದ್ದು ಶೇ 50. ಆದ್ದರಿಂದ ತೊಳೆದ ಮೇಲೆ ರೆಡಿಮಿಕ್ಸ್ ಬೇಡ. ನೀರು ಬೆರೆಸದ ಗಟ್ಟಿ ಕೂಲಂಟ್ 2 ಲೀಟರ್ ಮೊದಲು ಸುರಿದು ಉಳಿದ ಅರ್ಧ ಲೀಟರಿಗೆ ಡಿಎಂ ನೀರು ಹಾಕಿ. ಗಟ್ಟಿಯದನ್ನೇ ಪೂರ್ತಿ ತುಂಬಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬೇಡಿ. ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ. ಒಳಗಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಮೂತಿ ಎತ್ತರಕ್ಕಿರುವಂತೆ ಗಾಡಿ ನಿಲ್ಲಿಸಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಬಿಡಿ. ಮಾರನೆ ಬೆಳಿಗ್ಗೆ ಗಾಡಿಯ ಕೂಲಂಟ್ ಬಾಟಲಿಯ ಎರಡು ಗೆರೆಗಳ ನಡುವೆ ತುಂಬಿಸಿ. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ, ಹಸಿರು ಗುಲಾಬಿ ಎಲ್ಲ ಬರೀ ಡೈ. ಪುಸ್ತಕದಲ್ಲಿ ಹೇಳಿದ ಜಾತಿಯನ್ನೇ ತನ್ನಿ, ಎರಡು ಜಾತಿ ಬೆರೆಸಬೇಡಿ. ಇಳಿಸಿದ ಹಳೆಯದು ಸಿಹಿ ವಿಷ. ಅಂಗಳದಲ್ಲಿ ಬಿಟ್ಟರೆ ನಾಯಿ ನೆಕ್ಕಿ ಸಾಯುತ್ತದೆ.

ಇಷ್ಟೆಲ್ಲ ಆದಮೇಲೂ ಅರಬೈಲ್ ಘಾಟ್ ಹತ್ತುವಾಗ ಮುಳ್ಳು ಏರಿತೆಂದರೆ, ವಾಟರ್ ಪಂಪ್ ಸರಿಯಿದ್ದರೆ, ಆಗ ರೇಡಿಯೇಟರ್ ಒಳಗೆ ಕಟ್ಟಿದೆ. ಹಳೆಯ ತಾಮ್ರ-ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿ ಸರಳು ಹಾಕಿ ತೆಗೆಯುತ್ತಿದ್ದರು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂಗೆ ಅದು ನಡೆಯದು, ಬದಲಿಸಿ. ಪಾಯಖಾನೆ ತೊಳೆಯುವ ಆಸಿಡ್ ಹಾಕಿ ‘ಸಾಫ್’ ಮಾಡಿಕೊಡುವವರು ಅಲ್ಯೂಮಿನಿಯಂ ಅನ್ನೇ ತಿನ್ನಿಸಿ ಕಳಿಸುತ್ತಾರೆ.

ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹೀಟಿನ ಕೆಂಪು ದೀಪ ಹತ್ತಿದರೆ ಎಸಿ ಬಂದ್, ಹೀಟರ್ ಪೂರ್ತಿ ಬಿಸಿ, ಬ್ಲೋವರ್ ಜೋರು, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಬಿಚ್ಚಿದ ಕೂಡಲೇ ಒತ್ತಡ ಇಳಿದು ಒಳಗಿನದೆಲ್ಲ ಮುಖಕ್ಕೆ ಕುದಿದು ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ‘ಇನ್ನ ಐದs ಕಿಲೋಮೀಟರ್ ಐತಿ, ಹೋಗಿಬಿಡೂಣು’ ಎಂದವರೇ ಆಮೇಲೆ ಹೆಡ್ ಗ್ಯಾಸ್ಕೆಟ್ ಬಿಲ್ ಕಳಿಸಿ ನನ್ನ ಅಭಿಪ್ರಾಯ ಕೇಳುತ್ತಾರೆ.

ಪ್ರಶ್ನೆ: ರೇಡಿಯೇಟರ್ ಸೋರಿಕೆಗೆ ಅರಿಶಿನ ಪುಡಿ ಹಾಕಬಹುದೇ? (ರಾಣೆಬೆನ್ನೂರು)

ಅರಿಶಿನ ಸಾರಿಗೆ ಹಾಕಿ. ಸೋರಿಕೆಗೆ ಪೈಪ್, ಕ್ಲಿಪ್ಪು, ಪಂಪಿನ ಕೆಳಗಿನ ತೂತು ನೋಡಿ.

ಪ್ರಶ್ನೆ: ಮಳೆಗಾಲದ ಮೊದಲು ಗಾಡಿಯ ಕೆಳಗೆ ಹಳೆ ಎಂಜಿನ್ ಆಯಿಲ್, ಡೀಸೆಲ್ ಬೆರೆಸಿ ಹೊಡೆಸಿದರೆ ತುಕ್ಕು ಹಿಡಿಯುವುದಿಲ್ಲವಂತೆ, ನಿಜವೇ? (ಶಿಗ್ಗಾವಿ)

ತುಕ್ಕಿಗಿಂತ ಮೊದಲು ರಬ್ಬರ್ ಬುಶ್, ಬೂಟ್‌ಗಳು ಉಬ್ಬಿ ಹರಿಯುತ್ತವೆ. ಬ್ರೇಕ್ ಡಿಸ್ಕಿಗೆ ತಾಗಿದರೆ ಗಾಡಿ ನಿಲ್ಲುವುದೂ ಇಲ್ಲ. ಎಣ್ಣೆಯ ಮೇಲೆ ಎರೆ ಮಣ್ಣು ಕೂತು ಗಟ್ಟಿಯಾಗಿ, ತೇವವನ್ನು ತಗಡಿಗೆ ಒತ್ತಿ ಹಿಡಿಯುತ್ತದೆ. ತುಕ್ಕು ಶುರುವಾಗುವುದೇ ಅಲ್ಲಿ. ಮಣ್ಣು ಒಣಗುವ ಮೊದಲೇ ಚಕ್ರದ ಮೇಲಿನ ಗೂಡಿನ ಒಳಅಂಚಿಗೆ ಬೆರಳು ಹಾಕಿ ಕಿತ್ತು ನೀರು ಬಿಡಿ. ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ.

ಪ್ರಶ್ನೆ: ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುತ್ತೇವೆ, ವಾರಕ್ಕೊಮ್ಮೆ ಬೋರ್ ನೀರಿನಲ್ಲಿ ತೊಳೆಯುತ್ತೇವೆ. ಆದರೂ ಕಪ್ಪು ಬಣ್ಣದ ಮೇಲೆ ಜೇಡರ ಬಲೆಯಂಥ ಗೀರು, ಬಿಳಿ ಚುಕ್ಕೆ. ಸಿರಾಮಿಕ್ ಕೋಟಿಂಗ್ ಮಾಡಿಸಲೇ? (ಧಾರವಾಡ)

ಗೀರು ಎಳೆದವರು ನೀವೇ, ಆ ಒಣ ಬಟ್ಟೆಯಿಂದ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಷ್ಟೇ. ಪ್ರತಿ ರಬ್ಬಿಂಗ್ ಅದರಲ್ಲೇ ಒಂದಿಷ್ಟು ತಿನ್ನುತ್ತದೆ, ಆದ್ದರಿಂದ ಪ್ರತಿ ಸರ್ವಿಸ್‌ಗೆ ಪಾಲಿಶ್ ಒಪ್ಪಬೇಡಿ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಎರಡು ಬಕೀಟು: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕೈಗವಸು ತೊಳೆಯುವ ಸಾದಾ ನೀರು. ಬಟ್ಟೆ ಒಗೆಯುವ ಪುಡಿ, ಪಾತ್ರೆಯ ಸೋಪು ಬೇಡ, ವ್ಯಾಕ್ಸ್ ಎದ್ದು ಹೋಗುತ್ತದೆ. ಬಿಳಿ ಚುಕ್ಕೆ ಬೋರ್ ನೀರು ಮೈಮೇಲೆ ಒಣಗಿದ್ದರ ಗುರುತು. ನೆರಳಿನಲ್ಲಿ ತೊಳೆದು ಕೂಡಲೇ ಮೈಕ್ರೋಫೈಬರ್‌ನಿಂದ ಒರೆಸಿ. ಈಗಿರುವ ಚುಕ್ಕೆಗೆ ಬಿಳಿ ವಿನೆಗರ್, ಡಿಎಂ ನೀರು ಸಮಸಮ ಬೆರೆಸಿ, ತಣ್ಣಗಿನ ತಗಡಿನ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಹೋಗದಿದ್ದರೆ ಕ್ಲಿಯರ್ ಕೋಟಿಗೇ ಇಳಿದಿದೆ. ಸಿರಾಮಿಕ್ ತೊಳೆಯುವ ಕೆಲಸ ಹಗುರ ಮಾಡುತ್ತದೆ. ಕಲ್ಲೇಟು, ಗೀರು, ಬೋರ್ ನೀರಿನ ಚುಕ್ಕೆ ಯಾವುದನ್ನೂ ತಡೆಯುವುದಿಲ್ಲ, ಅಂಗಡಿಯವರು ಏನೇ ಹೇಳಲಿ.

ಪ್ರಶ್ನೆ: ಆಯುಧಪೂಜೆಯ ಕುಂಕುಮದ ಕಲೆ ಹೋಗುತ್ತಿಲ್ಲ. (ಬ್ಯಾಡಗಿ)

ವಿಭೂತಿ, ಕುಂಕುಮವನ್ನು ಒಣಗಿದ ಮೇಲೆ ಉಜ್ಜಬಾರದು, ನೆನೆಸಿ ಇಳಿಸಬೇಕು. ಉಳಿದ ಕೆಂಪಿಗೆ ಕಾರ್ ತೊಳೆದು ಪಾಲಿಶ್ ಮಾಡುವ ಡಿಟೇಲರ್ ಹತ್ತಿರ ಹೋಗಿ, ಸೀಮೆಎಣ್ಣೆ ಮುಟ್ಟಬೇಡಿ. ಮುಂದಿನ ಸಲ ಕುಂಕುಮ ನಂಬರ್ ಪ್ಲೇಟಿನ ಪಕ್ಕದ ಕಪ್ಪು ಪ್ಲಾಸ್ಟಿಕ್ಕಿಗೆ ಹಚ್ಚಿ, ಕೊಯ್ದ ನಿಂಬೆಹಣ್ಣನ್ನು ಬಾನೆಟ್ ಮೇಲೆ ಬಿಸಿಲಿಗೆ ಬಿಡಬೇಡಿ. ಗ್ರಿಲ್ ತುಂಬ ಚೆಂಡುಹೂವಿನ ಮಾಲೆ, ಬಾಳೆಕಂದು ಕಟ್ಟಿಕೊಂಡೇ ಊರಿಗೆ ಹೊರಡುವವರ ಗಾಡಿಯೂ ಹೀಟ್ ಆಗುತ್ತದೆ. ಪೂಜೆ ಮುಗಿದ ಮೇಲೆ ಬಿಚ್ಚಿ ಹೊರಡಿ.

ಪ್ರಶ್ನೆ: ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆಸಿ ಹೊಳೆಯುವಂತೆ ಮಾಡಿಸಬಹುದೇ? (ಲಕ್ಷ್ಮೇಶ್ವರ)

ಬೇಡ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ, ಸೆನ್ಸರ್ ಪ್ಲಗ್ಗುಗಳಿಗೆ ನೀರು ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಬ್ರಷ್ಷಿನಿಂದ ಧೂಳು ಝಾಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ.