ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಡಿಟಿಪಿ ಅಂಗಡಿ. 2016ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಇಂಟೆಲ್ ಆರನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಆಗಿನ ಹಾರ್ಡ್ ಡಿಸ್ಕೇ ಇವೆ. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರ ಅರ್ಹವಲ್ಲ ಎಂಬ ಸಂದೇಶ ಬರುತ್ತದೆ. ಒಬ್ಬರು ಇದನ್ನು ಮಾರಿ ಹೊಸದು ಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಆ ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುತ್ತೇನೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ಓದುಗರು, ಸಾಗರ

ಉತ್ತರ: ನಿಮ್ಮ ಯಂತ್ರವನ್ನು ಮಾರಬೇಕಾಗಿಲ್ಲ. ಆದರೆ ತಪಾಸಣೆ ತಪ್ಪಿಸಿ ಹಾಕಿಸುವ ಕೆಲಸವನ್ನು ಈ ವಾರವೇ ಮಾಡಿಸಬೇಡಿ ಎಂಬುದು ನನ್ನ ಸಲಹೆ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ವಿಧಿಸಿರುವ ಷರತ್ತುಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮುಂತಾದವು ನಿಮಗೆ ತೊಡಕಲ್ಲ. ತೊಡಕಿರುವುದು ಎರಡು ಕಡೆ. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಜೊತೆಗೆ ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಇರಬೇಕು. ಆರನೆಯ ತಲೆಮಾರಿನ ಅನೇಕ ಯಂತ್ರಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಟಿಟಿ ಎಂಬ ಹೆಸರಿನಲ್ಲಿ ನಿಷ್ಕ್ರಿಯವಾಗಿರುತ್ತದೆ, ಅಷ್ಟೆ. ಪ್ರೊಸೆಸರಿನ ಷರತ್ತು ಕೂಡ ಪೂರ್ತಿ ಕಾರಣವಿಲ್ಲದ್ದಲ್ಲ. ವಿಂಡೋಸಿನ ಒಳಭಾಗಕ್ಕೆ ದುಷ್ಟ ತಂತ್ರಾಂಶ ನುಗ್ಗದಂತೆ ತಡೆಯುವ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಗೆ ಬೇಕಾದ ಸೌಲಭ್ಯ ಹೊಸ ಪ್ರೊಸೆಸರುಗಳಲ್ಲಿ ಯಂತ್ರಾಂಶದಲ್ಲೇ ಇದೆ. ನಿಮ್ಮದರಲ್ಲಿ ಆ ಕೆಲಸವನ್ನು ತಂತ್ರಾಂಶವೇ ಮಾಡಬೇಕಾಗುವುದರಿಂದ ಆ ರಕ್ಷಣೆಯನ್ನು ಚಾಲೂ ಮಾಡಿದಾಗ ವೇಗ ತಗ್ಗುತ್ತದೆ. ಹಾಗೆಂದ ಮಾತ್ರಕ್ಕೆ ಪುಟವಿನ್ಯಾಸ, ಲೆಕ್ಕಪತ್ರಗಳಂಥ ಕೆಲಸಕ್ಕೆ ಅದು ಸಾಲದು ಎಂದು ಹೇಳಲಾಗದು.

ನಿಜವಾದ ತೊಂದರೆ ಶುರುವಾಗುವುದು ಹಾಕಿಸಿದ ದಿನವಲ್ಲ, ಅದರ ಮುಂದಿನ ವರ್ಷ. ಅರ್ಹವಲ್ಲದ ಯಂತ್ರಗಳಿಗೆ ಅಪ್‌ಡೇಟ್ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ರೂಢಿಯಲ್ಲಿ ತಿಂಗಳ ಭದ್ರತಾ ಅಪ್‌ಡೇಟ್‌ಗಳು ಬರುತ್ತಲೇ ಇವೆ, ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ನಮ್ಮ ಮನೆಯ ಐದನೆಯ ತಲೆಮಾರಿನ ಲ್ಯಾಪ್‌ಟಾಪ್ ಹೀಗೆಯೇ 23ಎಚ್2 ಆವೃತ್ತಿಯಲ್ಲಿ ನಿಂತುಬಿಟ್ಟಿತ್ತು. ಅಪ್‌ಡೇಟ್ ಪುಟದಲ್ಲಿ ಎಲ್ಲವೂ ಸರಿಯಾಗಿದೆ ಎಂಬ ಹಸಿರು ಗುರುತು ಕಾಣುತ್ತಿತ್ತು, ಆದರೆ ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಆ ಆವೃತ್ತಿಯ ಬೆಂಬಲ 2025ರ ನವೆಂಬರ್ 11ಕ್ಕೆ ಮುಗಿಯುವುದಿತ್ತು. ಅದಕ್ಕೆ ಮೊದಲೇ ಮುಂದಿನ ಆವೃತ್ತಿಯನ್ನು ಪೆನ್ ಡ್ರೈವಿನಿಂದ ಕೈಯಾರೆ ಹಾಕಿದೆ. ನಿಮಗೆ ಹಾಕಿಕೊಡುತ್ತೇನೆ ಎಂದವರನ್ನು ಒಂದು ಮಾತು ಕೇಳಿ: ಮುಂದಿನ ವರ್ಷವೂ ಬಂದು ಹಾಕಿಕೊಡುವಿರಾ? ಇಲ್ಲವೆಂದಾದರೆ ಆ ಕೆಲಸವನ್ನು ನೀವೇ ಕಲಿತಿರಬೇಕು.

ಆದ್ದರಿಂದ ಮೊದಲು ಕಾಲಾವಕಾಶ ಮಾಡಿಕೊಳ್ಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ, ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆ ಸಿಗುತ್ತದೆ. ಯಂತ್ರದಲ್ಲಿ 22ಎಚ್2 ಆವೃತ್ತಿ ಮತ್ತು ಒಂದು ಮೈಕ್ರೋಸಾಫ್ಟ್ ಖಾತೆ ಇರಬೇಕು. ಯಂತ್ರದ ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ.

ಈ ಅವಧಿಯಲ್ಲಿ ಮಾಡಬೇಕಾದ ಮೊದಲ ಕೆಲಸ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್, ಹಾಕಿಸುವುದು. ಹತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕಿನ ಮೇಲೆ ಯಾವ ವಿಂಡೋಸ್ ಹಾಕಿದರೂ ಕಾಯುವುದು ತಪ್ಪದು. ಅದು ಯಾವ ದಿನ ಕೈಕೊಡುತ್ತದೆಂದೂ ಹೇಳಲಾಗದು. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ನಕಲಿಸಿ, ಹಳೆಯದನ್ನು ಬಿಚ್ಚಿ ದಿನಾಂಕ ಬರೆದು ಬೀರುವಿನಲ್ಲಿಡಿ. ವಿಂಡೋಸ್ 11 ಹಾಕಿದ ಮೇಲೆ ಹಿಂದಿನ ವಿಂಡೋಸಿಗೆ ಮರಳಲು ಸಿಗುವುದು ಹತ್ತೇ ದಿನ. ಆ ಡಿಸ್ಕ್ ಇದ್ದರೆ ತಿಂಗಳ ನಂತರವೂ ಅರ್ಧ ಗಂಟೆಯಲ್ಲಿ ಅಂಗಡಿ ಮೊದಲಿನಂತೆ ನಡೆಯುತ್ತದೆ.

ಡಿಟಿಪಿಯವರು ಮರೆಯಬಾರದ ಇನ್ನೊಂದು ಸಂಗತಿ ಫಾಂಟುಗಳು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ವಿಧಾನದಲ್ಲಿ, ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣಿಸುತ್ತವೆ. ಅಳಿಸಿ ಹಾಕುವ ಕೆಲಸಕ್ಕೆ ಕೈಹಾಕಿದ ಮೇಲೆ ಈ ಫಾಂಟುಗಳಿಗಾಗಿ ಊರೆಲ್ಲ ಹುಡುಕುವ ಪಾಡು ಬೇಡ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಪೆನ್ ಡ್ರೈವಿಗೆ ನಕಲಿಸಿಕೊಳ್ಳಿ. ಲಿಪಿ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ ಇದ್ದರೆ ಅದರ ಡ್ರೈವರ್ ಮತ್ತು ನಿಮ್ಮ ಪ್ರಿಂಟರಿನ ಡ್ರೈವರ್ ವಿಂಡೋಸ್ 11ಕ್ಕೆ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಈ ಎರಡರಲ್ಲಿ ಒಂದು ಸಿಗದಿದ್ದರೂ ಸದ್ಯಕ್ಕೆ ವಿಂಡೋಸ್ 10ರಲ್ಲೇ ಇರುವುದು ಒಳ್ಳೆಯದು.

ಎಲ್ಲವೂ ಸರಿಯಿದ್ದರೆ ಹಾಕುವ ವಿಧಾನ ಕಷ್ಟದ್ದಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ 11ರ ಐಎಸ್‌ಒ ಕಡತವನ್ನು (ಹಾಕಲು ಬೇಕಾದುದೆಲ್ಲ ಒಂದೇ ಕಡೆ ಇರುವ ಕಡತ) ಇಳಿಸಿಕೊಳ್ಳಿ. ರೂಫಸ್ ಎಂಬ ಉಚಿತ ತಂತ್ರಾಂಶದ ಹೊಸ ಆವೃತ್ತಿಯಿಂದ ಅದನ್ನು ಪೆನ್ ಡ್ರೈವಿಗೆ ಬರೆಯಿರಿ. ಬರೆಯುವ ಮುನ್ನ ಟಿಪಿಎಂ ಮೊದಲಾದ ಷರತ್ತುಗಳನ್ನು ತೆಗೆದುಹಾಕಲೇ ಎಂದು ಅದು ಕೇಳುತ್ತದೆ. ಆ ಚೌಕಕ್ಕೆ ಗುರುತು ಹಾಕಿ. ನಂತರ ವಿಂಡೋಸ್ 10 ನಡೆಯುತ್ತಿರುವಾಗಲೇ ಪೆನ್ ಡ್ರೈವಿನ ಸೆಟಪ್ ಕಡತವನ್ನು ತೆರೆದು, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ 10 ಅಧಿಕೃತವಾಗಿ ಸಕ್ರಿಯವಾಗಿದ್ದರೆ ಅದೇ ಪರವಾನಗಿ ಹೋಮ್‌ಗೆ ಹೋಮ್, ಪ್ರೊಗೆ ಪ್ರೊ ಎಂಬಂತೆ ಮುಂದುವರಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2009ರ ಕೋರ್ 2 ಡ್ಯುಯೊ ಕಂಪ್ಯೂಟರ್, 4 ಜಿಬಿ ರ‍್ಯಾಮ್ ಇದೆ. ಬರೆಯುವುದು, ಮಿಂಚಂಚೆ ನೋಡುವುದು ಇಷ್ಟೇ ನನ್ನ ಕೆಲಸ. ಇದಕ್ಕೂ ವಿಂಡೋಸ್ 11 ಹಾಕಬಹುದೇ?
– ಓದುಗರು, ತುಮಕೂರು

ಉತ್ತರ: ಸಾಧ್ಯವಿಲ್ಲ ಸರ್. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಎಂಬ ಆದೇಶಗಳಿರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅವು ಇಲ್ಲದಿರುವುದರಿಂದ ವಿಂಡೋಸ್ ತೆರೆದುಕೊಳ್ಳುವುದೇ ಇಲ್ಲ. ಮೇಲೆ ಹೇಳಿದ ತಪಾಸಣೆಯನ್ನು ದಾಟಬಹುದು. ಪ್ರೊಸೆಸರಿನಲ್ಲೇ ಇಲ್ಲದ್ದನ್ನು ಯಾರೂ ತಂದು ಸೇರಿಸಲಾರರು.

ನಿಮ್ಮ ಕೆಲಸಕ್ಕೆ ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಸಾಕು. 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿ, ಪ್ರಿಂಟರ್ ಸರಿಯಿವೆಯೇ ಎಂದು ನೋಡಿದ ಮೇಲೆ ಹಾಕಿ. ಕನ್ನಡ ಬರೆಯಲು ಅದರ ಐಬಸ್ ಎಂಬ ಟೈಪಿಂಗ್ ಸೌಲಭ್ಯದಲ್ಲಿ ನುಡಿಯದೇ ವಿನ್ಯಾಸದ ಕೆಜಿಪಿ ಕೀಲಿಮಣೆಯನ್ನು ಆರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗದು. ಹಳೆಯ ನುಡಿ ಬರಹಗಳನ್ನು ಮಾತ್ರ ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ಷರತ್ತುಗಳನ್ನೆಲ್ಲ ತೆಗೆದು, ಹಗುರ ಮಾಡಿದ ವಿಂಡೋಸ್ 11ರ ಕಡತವೊಂದನ್ನು ಗೆಳೆಯ ಕಳುಹಿಸಿದ್ದಾನೆ. ಬಳಸಬಹುದೇ?
– ಓದುಗರು, ಹಾಸನ

ಉತ್ತರ: ಬೇಡ. ಅದರಿಂದ ಏನನ್ನು ತೆಗೆದಿದ್ದಾರೆ, ಏನನ್ನು ಸೇರಿಸಿದ್ದಾರೆ ಎಂದು ತಿಳಿಯುವ ದಾರಿ ನಿಮಗೂ ಇಲ್ಲ, ನಿಮ್ಮ ಗೆಳೆಯರಿಗೂ ಇಲ್ಲ. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತಲಿದ್ದೀರಿ. ಮೂಲ ಕಡತವನ್ನೇ ಇಳಿಸಿಕೊಂಡು, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಹ್ಯಾಶ್ ಸಂಖ್ಯೆಯೂ (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತು) ನಿಮ್ಮ ಕಡತದ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ತಾಳೆ ನೋಡಿ, ಆಮೇಲೆ ಪೆನ್ ಡ್ರೈವಿಗೆ ಬರೆಯಿರಿ.