ಗುದ್ದಿದವರ ಬಳಿ ವಿಮೆಯೇ ಇಲ್ಲದಿದ್ದರೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮೈಸೂರಿನಿಂದ ಐದು ತಿಂಗಳ ಮಟ್ಟಿಗೆ ಬಂದಿರುವ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದಾಗ, ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಬಂದ ಕಾರು ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮನ ಮಣಿಕಟ್ಟಿನ ಮೂಳೆ ಮುರಿದಿದೆ. ಗುದ್ದಿದವರ ಬಳಿ ವಿಮೆ ಇಲ್ಲವೆಂದು ಪೊಲೀಸ್ ವರದಿಯಲ್ಲಿದೆ. ನಮ್ಮ ಪಾಲಿಸಿಯಲ್ಲಿ ‘ಅನ್‌ಇನ್ಶೂರ್ಡ್ ಮೋಟರಿಸ್ಟ್ 100/300’ ಎಂದಿದೆ. ಕೊಲಿಶನ್‌ಗೆ (ಡಿಕ್ಕಿಯಾದಾಗ ನಮ್ಮ ಕಾರಿನ ರಿಪೇರಿಗೆ ಸಿಗುವ ವಿಮೆ) 1,000 ಡಾಲರ್ ಡಿಡಕ್ಟಿಬಲ್, ಅಂದರೆ ನಾವೇ ಮೊದಲು ಭರಿಸಬೇಕಾದ ಪಾಲು, ಇದೆ. ಪಾಲಿಸಿಯಲ್ಲಿ ಅಮ್ಮನ ಹೆಸರಿಲ್ಲ. ಅವರಿಗೆ ಪರಿಹಾರ ಸಿಗುತ್ತದೆಯೇ? ರಿಪೇರಿ ಯಾರ ಖರ್ಚು? ಕ್ಲೇಮ್ ಮಾಡಿದರೆ ಪ್ರೀಮಿಯಂ ಏರುತ್ತದೆಯೇ?

ಉತ್ತರ: ನಿಮ್ಮ ತಾಯಿಯವರಿಗೆ ಪರಿಹಾರ ಕೇಳುವ ಹಕ್ಕು ಇದೆ, ಮತ್ತು ಆ ಹಕ್ಕು ಬಂದಿರುವುದು ಅವರು ನಿಮ್ಮ ತಾಯಿ ಎಂಬ ಕಾರಣಕ್ಕಲ್ಲ, ಆ ಹೊತ್ತಿನಲ್ಲಿ ನಿಮ್ಮ ಕಾರಿನೊಳಗೆ ಕುಳಿತಿದ್ದರು ಎಂಬ ಕಾರಣಕ್ಕೆ. ಕ್ಯಾಲಿಫೋರ್ನಿಯಾದ ಕಾನೂನು ಅನ್‌ಇನ್ಶೂರ್ಡ್ ಮೋಟರಿಸ್ಟ್ ವಿಮೆಯ, ಅಂದರೆ ವಿಮೆಯಿಲ್ಲದವರು ಗುದ್ದಿದಾಗ ನಿಮ್ಮದೇ ಪಾಲಿಸಿಯಿಂದ ಸಿಗುವ ವಿಮೆಯ, ರಕ್ಷಣೆಯನ್ನು ಎರಡು ಬಗೆಯ ಜನರಿಗೆ ಕೊಡುತ್ತದೆ. ಪಾಲಿಸಿದಾರರು, ಅವರ ಗಂಡ ಅಥವಾ ಹೆಂಡತಿ ಮತ್ತು ಅದೇ ಮನೆಯಲ್ಲಿ ವಾಸವಾಗಿರುವ ಬಂಧುಗಳಿಗೆ ಅವರು ಕಾರಿನಲ್ಲಿರಲಿ, ರಸ್ತೆ ದಾಟುತ್ತಿರಲಿ, ರಕ್ಷಣೆ ಇರುತ್ತದೆ. ಉಳಿದವರಿಗಾದರೆ ವಿಮೆ ಮಾಡಿಸಿದ ಕಾರಿನಲ್ಲಿ ಕುಳಿತಿರುವಾಗ, ಹತ್ತುವಾಗ ಅಥವಾ ಇಳಿಯುವಾಗ ಮಾತ್ರ. ಇದೇ ಅಪಘಾತ ಅವರು ಬೆಳಗಿನ ವಾಕಿಂಗ್‌ನಲ್ಲಿದ್ದಾಗ ನಡೆದಿದ್ದರೆ, ಐದು ತಿಂಗಳಿಗೆಂದು ಬಂದ ತಾಯಿ ‘ಅದೇ ಮನೆಯ ವಾಸಿ’ಯೇ ಅಥವಾ ಅತಿಥಿಯೇ ಎಂದು ಕಂಪನಿ ತಕರಾರು ತೆಗೆಯುವ ಸಾಧ್ಯತೆ ಬಹಳ ಇತ್ತು. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ವಿಸಿಟರ್ ಇನ್ಶೂರೆನ್ಸ್ ಕೊಳ್ಳುವುದನ್ನು ಮರೆಯುವುದಿಲ್ಲ. ಆದರೆ ಈ ಭೇದ ತಿಳಿದವರನ್ನು ನಾನು ಕಂಡಿರುವುದು ಅಪರೂಪ.

ಇನ್ನು ಮೊತ್ತದ ವಿಚಾರ. 100/300 ಎಂದರೆ ಒಬ್ಬರಿಗೆ ಹೆಚ್ಚೆಂದರೆ 1,00,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ ಹೆಚ್ಚೆಂದರೆ 3,00,000 ಡಾಲರ್. ಗುದ್ದಿದವರು ಕಾನೂನುಪ್ರಕಾರ ಏನೇನು ಕೊಡಬೇಕಿತ್ತೋ, ಅಂದರೆ ಆಸ್ಪತ್ರೆಯ ಬಿಲ್ಲು, ಕಳೆದುಕೊಂಡ ಸಂಬಳ, ಅನುಭವಿಸಿದ ನೋವು, ಅವೆಲ್ಲವನ್ನೂ ಈ ಮಿತಿಯೊಳಗೆ ನಿಮ್ಮದೇ ಕಂಪನಿ ಕೊಡುತ್ತದೆ. ನೋವಿಗೂ ಬೆಲೆ ಕಟ್ಟುವುದರಿಂದ ಇದು ಬರಿಯ ವೈದ್ಯಕೀಯ ವಿಮೆಗಿಂತ ಬೇರೆ. ಆದರೆ ಒಂದು ಮಾತು ಗಮನದಲ್ಲಿರಲಿ: ಈ ಕ್ಲೇಮಿನ ಮಟ್ಟಿಗೆ ನಿಮ್ಮ ಕಂಪನಿ ಎದುರಾಳಿಯ ಜಾಗದಲ್ಲಿ ನಿಂತಿರುತ್ತದೆ. ಪ್ರತಿ ತಿಂಗಳು ಪ್ರೀಮಿಯಂ ಕಟ್ಟಿಸಿಕೊಂಡವರೇ ಈಗ ಎಕ್ಸ್‌ರೇ ನೋಡಿ ‘ಇದು ಹಳೆಯ ಮೂಳೆ ಸವೆತವಲ್ಲವೇ?’ ಎಂದು ಕೇಳಿದರೆ ಆಶ್ಚರ್ಯಪಡಬೇಡಿ. ಒಮ್ಮತಕ್ಕೆ ಬರಲಾಗದಿದ್ದರೆ ವ್ಯಾಜ್ಯ ನ್ಯಾಯಾಲಯದ ಬದಲು ಪಂಚಾಯ್ತಿದಾರರ ಮುಂದೆ, ಅಂದರೆ ಆರ್ಬಿಟ್ರೇಷನ್‌ಗೆ, ಹೋಗುತ್ತದೆ. ತಾಯಿಯವರು ಮೈಸೂರಿಗೆ ಮರಳಿದ ಮೇಲೆ ಅಲ್ಲಿ ಮಾಡಿಸುವ ಫಿಸಿಯೋಥೆರಪಿಯ ರಸೀದಿಗಳನ್ನೂ ದಿನಾಂಕದೊಡನೆ ಇಟ್ಟುಕೊಳ್ಳಲು ಹೇಳಿ. ಚಿಕಿತ್ಸೆ ಮುಗಿಯುವ ಮುನ್ನ ‘ಪೂರ್ಣ ಇತ್ಯರ್ಥ’ ಎಂದು ಬರೆದ ಯಾವ ಕಾಗದಕ್ಕೂ ಅವರು ಸಹಿ ಹಾಕುವುದು ಬೇಡ.

ಕಾರಿನ ಲೆಕ್ಕವೇ ಬೇರೆ. 100/300 ಎಂಬುದು ಮೈಗಾದ ಗಾಯಕ್ಕೆ ಸಂಬಂಧಿಸಿದ್ದು. ಅದರಿಂದ ಬಂಪರ್‌ಗೆ ಒಂದು ಡಾಲರ್ ಕೂಡ ಬರುವುದಿಲ್ಲ. ನಿಮಗೆ ಕೊಲಿಶನ್ ಇರುವುದರಿಂದ ರಿಪೇರಿ ಅದರಲ್ಲೇ ಆಗುತ್ತದೆ. ಪಾಲಿಸಿಯ ಮೊದಲ ಹಾಳೆಯಲ್ಲಿ, ಕೊಲಿಶನ್ ಸಾಲಿನ ಆಸುಪಾಸಿನಲ್ಲಿ, ‘ಕೊಲಿಶನ್ ಡಿಡಕ್ಟಿಬಲ್ ವೇವರ್’ ಎಂಬ ಪದಗಳಿವೆಯೇ ನೋಡಿ. ಇದ್ದರೆ ಆ 1,000 ಡಾಲರ್ ಕೂಡ ನಿಮ್ಮ ಮೇಲೆ ಬೀಳದು. ಕೊಲಿಶನ್ ಕೊಳ್ಳದವರಿಗೆ ವಿಮೆಯಿಲ್ಲದವರಿಂದಾದ ವಾಹನ ಹಾನಿಗೆಂದೇ ಒಂದು ರಕ್ಷಣೆ ಸಿಗುತ್ತದಾದರೂ ಅದರ ಮಿತಿ ಈ ರಾಜ್ಯದಲ್ಲಿ ಕೇವಲ 3,500 ಡಾಲರ್, ಅದೂ ಗುದ್ದಿದ ವಾಹನ ಅಥವಾ ಚಾಲಕ ಯಾರೆಂದು ಗೊತ್ತಾದರೆ ಮಾತ್ರ.

ಗುದ್ದಿದವರು ಓಡಿಹೋಗಿದ್ದರೆ? ಗಾಯಕ್ಕೆ ಆಗಲೂ ಪರಿಹಾರ ಕೇಳಬಹುದು, ಆದರೆ ಆ ವಾಹನ ನಿಮ್ಮನ್ನು ಅಥವಾ ನಿಮ್ಮ ಕಾರನ್ನು ನಿಜವಾಗಿ ತಾಗಿರಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿರಬೇಕು, 30 ದಿನದೊಳಗೆ ಪ್ರಮಾಣ ಮಾಡಿದ ಹೇಳಿಕೆಯನ್ನು ಕಂಪನಿಗೆ ಕೊಟ್ಟಿರಬೇಕು. ಯಾರೋ ಅಡ್ಡ ಬಂದರೆಂದು ತಪ್ಪಿಸಲು ಹೋಗಿ ಕಂಬಕ್ಕೆ ಗುದ್ದಿಕೊಂಡವರು ಈ ‘ತಾಗುವಿಕೆ’ಯ ಷರತ್ತಿನಲ್ಲೇ ಸೋಲುತ್ತಾರೆ.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯವಿದೆ. ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ ವಿಮೆಗೆ ಸಾವು ಮತ್ತು ಗಾಯದ ವಿಚಾರದಲ್ಲಿ ಮೊತ್ತದ ಮಿತಿಯಿಲ್ಲ. ಆ ರೂಢಿಯಿಂದ ಇಲ್ಲಿಗೆ ಬಂದವರು ಎದುರಿನವರಿಗೆ ವಿಮೆ ಇದ್ದರೆ ಸಾಕೆಂದು ನಿಶ್ಚಿಂತರಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಮಿತಿ ಒಬ್ಬರಿಗೆ 15,000 ಡಾಲರ್ ಇದ್ದದ್ದು 2025ರ ಜನವರಿ 1ರಿಂದ 30,000ಕ್ಕೆ ಏರಿದೆ, ಅಷ್ಟೆ. ಹೀಗೆ ಕಡಿಮೆ ವಿಮೆ ಇರುವವರು ಗುದ್ದಿದಾಗ ನಿಮ್ಮ ಪಾಲಿಸಿ ಅವರ ಮೊತ್ತದ ಮೇಲೆ ಪೂರ್ತಿ 1,00,000 ಸೇರಿಸುವುದಿಲ್ಲ. ಅವರ 30,000 ಪೂರ್ತಿ ಸಂದಾಯವಾದ ಬಳಿಕ, ವ್ಯತ್ಯಾಸವಾದ 70,000ದವರೆಗೆ ತುಂಬಿಕೊಡುತ್ತದೆ. ನಿಮ್ಮದೂ 30,000 ಆಗಿದ್ದರೆ ಸಿಗುವುದು ಸೊನ್ನೆ. ಪ್ರೀಮಿಯಂ ಉಳಿಸಲೆಂದು ಈ ರಕ್ಷಣೆಯೇ ಬೇಡವೆಂದು ಬರೆದುಕೊಡುವವರನ್ನು ಕಂಡಾಗ ನನಗೆ ಕಳವಳವಾಗುವುದು ಈ ಲೆಕ್ಕದಿಂದಲೇ.

ಗಡುವು ಎರಡು ವರ್ಷ. ಅಪಘಾತದ ದಿನದಿಂದ ಅಷ್ಟರೊಳಗೆ ಮೊತ್ತ ಒಪ್ಪಿತವಾಗಿರಬೇಕು, ಇಲ್ಲವೇ ಆರ್ಬಿಟ್ರೇಷನ್‌ಗೆ ವಿಧಿವತ್ತಾಗಿ ಲಿಖಿತ ಬೇಡಿಕೆ ಸಲ್ಲಿಸಿರಬೇಕು, ಇಲ್ಲವೇ ಗುದ್ದಿದವರ ಮೇಲೆ ದಾವೆ ಹೂಡಿರಬೇಕು. ಕಂಪನಿಯೊಡನೆ ಫೋನಿನಲ್ಲಿ ಮಾತುಕತೆ ನಡೆಯುತ್ತಿದೆ ಎಂಬುದು ಗಡುವಿಗೆ ಲೆಕ್ಕವಲ್ಲ. ಮುರಿತದಂಥ ಗಾಯಕ್ಕೆ ಒಬ್ಬ ವಕೀಲರನ್ನು ಒಮ್ಮೆಯಾದರೂ ಕಾಣುವುದು ಒಳ್ಳೆಯದು.

ಪ್ರೀಮಿಯಂ ಬಗ್ಗೆ ಹೆದರಬೇಡಿ. ನಿಮ್ಮ ತಪ್ಪಿಲ್ಲದ ಅಪಘಾತವನ್ನು ಕಾರಣ ಮಾಡಿ ಪ್ರೀಮಿಯಂ ಏರಿಸುವುದನ್ನು ಕ್ಯಾಲಿಫೋರ್ನಿಯಾದ ವಿಮಾ ಸಂಹಿತೆ ನಿಷೇಧಿಸಿದೆ, ಮತ್ತು ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿನ ಮೇಲೆ ತಪ್ಪು ಹೊರಿಸುವುದು ಯಾರಿಗೂ ಸುಲಭವಲ್ಲ.