ಲ್ಯಾಬ್ ಸರ್ವರ್ ಆರಿಸುವ ಮುನ್ನ ಮಕ್ಕಳ ಕೆಲಸ ಮುಗಿದಿರಬೇಕು

ಮೇಡಂ, ನಿಮ್ಮ ಶಾಲೆಯಲ್ಲಿರುವುದು ಒಂದು ಉಬುಂಟು ಸರ್ವರ್, ಎಲ್‌ಟಿಎಸ್‌ಪಿ (ಒಂದೇ ಸರ್ವರ್‌ನಿಂದ ಹಲವು ಕಂಪ್ಯೂಟರ್ ನಡೆಸುವ ತಂತ್ರಾಂಶ) ಮೂಲಕ ಅದಕ್ಕೆ ಜೋಡಿಸಿದ ಹದಿನಾರು ಕಂಪ್ಯೂಟರ್, ಅದೇ ಸರ್ವರ್‌ನಲ್ಲಿ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶ. ಸಂಜೆ ಬೀಗ ಹಾಕುವವರು ಸರ್ವರ್‌ನ ಗುಂಡಿ ಒತ್ತಿ ಹಿಡಿದು ಆರಿಸುತ್ತಾರೆ, ಮರುದಿನ ಕೆಲವು ಮಕ್ಕಳ ಕಡತಗಳು ಸೊನ್ನೆ ಬೈಟ್ ಆಗಿರುತ್ತವೆ ಎಂದು ಬರೆದಿದ್ದೀರಿ. ಹೊಸ ಡಿಸ್ಕ್ ತರಿಸಿ ಎಂದು ಈ ಚರ್ಚೆಯಲ್ಲಿ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಡಿಸ್ಕ್‌ಗಿಂತ ಆರಿಸುವ ರೀತಿಯ ಮೇಲೆಯೇ ನನಗೆ ಅನುಮಾನ.

ಕಾರಣ ಹೀಗಿದೆ. ಮಗು ‘ಉಳಿಸು’ ಒತ್ತಿದೊಡನೆ ಬರಹ ಡಿಸ್ಕ್‌ಗೆ ಹೋಗಿಬಿಡುವುದಿಲ್ಲ. ಮೊದಲು ಮೆಮೊರಿಯಲ್ಲಿ ನಿಲ್ಲುತ್ತದೆ. ಲಿನಕ್ಸ್‌ನ ಸಾಮಾನ್ಯ ಹೊಂದಿಕೆಯಲ್ಲಿ ಅದು 30 ಸೆಕೆಂಡುಗಳವರೆಗೂ ಅಲ್ಲೇ ಇರಬಹುದು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯಂತೂ ಡಿಸ್ಕ್‌ನಲ್ಲಿ ಜಾಗ ಗೊತ್ತುಮಾಡುವ ಕೆಲಸವನ್ನೇ ಮುಂದಕ್ಕೆ ತಳ್ಳುತ್ತದೆ. ಆ ಹೊತ್ತಿಗೆ ವಿದ್ಯುತ್ ಹೋದರೆ ಕಡತದ ಹೆಸರು ಉಳಿದು ಒಳಗಿನದು ಖಾಲಿಯಾಗಬಹುದು. ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಇದೆಯಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಜರ್ನಲ್ ಕಾಪಾಡುವುದು ಕಡತ ವ್ಯವಸ್ಥೆಯ ರಚನೆಯನ್ನು. ಮೆಮೊರಿಯಲ್ಲೇ ಉಳಿದ ಪ್ರಬಂಧವನ್ನಲ್ಲ. ಗುಂಡಿಯನ್ನು ನಾಲ್ಕು ಸೆಕೆಂಡಿನಷ್ಟು ಒತ್ತಿ ಹಿಡಿದರೆ ಯಂತ್ರಾಂಶವೇ ವಿದ್ಯುತ್ ಕಡಿಯುತ್ತದೆ, ಲಿನಕ್ಸ್‌ಗೆ ಏನನ್ನೂ ಬರೆದು ಮುಗಿಸುವ ಅವಕಾಶ ಸಿಗುವುದಿಲ್ಲ.

ಮೊದಲು ಆರಬೇಕಾದದ್ದು ಮಕ್ಕಳ ಕಂಪ್ಯೂಟರ್‌ಗಳು, ಕೊನೆಯಲ್ಲಿ ಸರ್ವರ್. ಈಗಿನ ಎಲ್‌ಟಿಎಸ್‌ಪಿಯಲ್ಲಿ ತಂತ್ರಾಂಶಗಳು ಓಡುವುದು ಮಗುವಿನ ಮುಂದಿರುವ ಕಂಪ್ಯೂಟರ್‌ನಲ್ಲೇ. ಆದರೆ ಅದರ ಕಾರ್ಯಾಚರಣಾ ವ್ಯವಸ್ಥೆಯೂ ಮಗುವಿನ ಹೋಮ್ ಫೋಲ್ಡರೂ ಜಾಲದ ಮೂಲಕ ಸರ್ವರ್‌ನಿಂದ ಬರುತ್ತವೆ. ಸರ್ವರ್ ಮೊದಲು ಆರಿದರೆ ಉಳಿದವೆಲ್ಲ ನಿಂತಲ್ಲೇ ನಿಲ್ಲುತ್ತವೆ, ಉಳಿಸಲು ಜಾಗವೇ ಇರುವುದಿಲ್ಲ. ಹಳೆಯ ಎಲ್‌ಟಿಎಸ್‌ಪಿ 5ರ ತೆಳು ಕ್ಲೈಂಟ್‌ಗಳಾಗಿದ್ದರೆ ತಂತ್ರಾಂಶ ಸರ್ವರ್‌ನಲ್ಲೇ ಓಡುತ್ತಿರುತ್ತದೆ. ಅಲ್ಲಿಯೂ ಕ್ರಮ ಇದೇ.

ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ಎಪಾಪ್ಟಿಸ್ ತಂತ್ರಾಂಶ ಹಾಕಿಕೊಂಡಿಲ್ಲದಿದ್ದರೆ ಇವತ್ತೇ ಹಾಕಿಕೊಳ್ಳಿ. ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮೊದಲು ಅದರಿಂದ ಎಲ್ಲ ಪರದೆಗಳಿಗೂ ‘ಕಡತ ಉಳಿಸಿ, ಲಾಗ್ ಔಟ್ ಆಗಿ’ ಎಂದು ಕನ್ನಡದಲ್ಲೇ ಸಂದೇಶ ಕಳುಹಿಸಿ. ಶಟ್‌ಡೌನ್ ಆಜ್ಞೆಯೇ ಎಚ್ಚರಿಕೆ ಕೊಡುತ್ತದಲ್ಲ ಎಂದು ನಂಬಿ ಕೂರಬೇಡಿ. ಅದರ ಎಚ್ಚರಿಕೆ ಬರುವುದು ಸರ್ವರ್‌ಗೆ ಲಾಗಿನ್ ಆದ ಟರ್ಮಿನಲ್‌ಗಳಿಗೆ. ತನ್ನ ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ತೆರೆದು ಕುಳಿತ ಮಗುವಿಗೆ ಅದು ಕಾಣುವುದೇ ಇಲ್ಲ. ಸಂದೇಶ ಕಳುಹಿಸಿದ ಮೇಲೆ ಕೊಠಡಿಯಲ್ಲಿ ಒಂದು ಸುತ್ತು ಹಾಕಿ, ಯಾರಾದರೂ ಹೆಸರು ಕೊಡದೆ ತೆರೆದಿಟ್ಟ ಕಡತ ಇದೆಯೇ ನೋಡಿ. ಆರನೇ ತರಗತಿಯ ಮಗುವಿಗೆ ಆ ಒಂದು ಪುಟ ಬರೆಯಲು ಇಡೀ ಅವಧಿ ಹಿಡಿದಿರುತ್ತದೆ. ಎಲ್ಲರೂ ಹೊರಬಂದ ಮೇಲೆ ಎಪಾಪ್ಟಿಸ್‌ನಿಂದಲೇ ಆ ಕಂಪ್ಯೂಟರ್‌ಗಳನ್ನು ಆರಿಸಬಹುದು.

ಇನ್ನು ಸರ್ವರ್. ‘ಡಬ್ಲ್ಯೂ’ ಎಂಬ ಒಂದಕ್ಷರದ ಆಜ್ಞೆ ಕೊಟ್ಟರೆ ಲಾಗಿನ್ ಆದವರು ಯಾರು, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂಬುದು ತಿಳಿಯುತ್ತದೆ. ಆದರೆ ಹಿನ್ನೆಲೆಯಲ್ಲಿ ಬ್ಯಾಕಪ್ ಓಡಿಸಿ ಮನೆಗೆ ಹೋದ ಸಹೋದ್ಯೋಗಿ ಆ ಪಟ್ಟಿಯಲ್ಲಿ ಸಿಗುವುದಿಲ್ಲ, ಓಡುತ್ತಿರುವ ಕೆಲಸಗಳನ್ನು ತೋರಿಸುವ ‘ಪಿಎಸ್’ ಅಥವಾ ‘ಟಾಪ್’ ಆಜ್ಞೆ ಕೊಟ್ಟೂ ನೋಡಿ. ಪ್ಯಾಕೇಜ್ ಅಪ್‌ಡೇಟ್ ನಡೆಯುತ್ತಿದ್ದರೆ ಮುಗಿಯುವವರೆಗೂ ಕಾಯಲೇಬೇಕು. ಆಮೇಲೆ ‘ಸುಡೊ ಶಟ್‌ಡೌನ್ +10’ ಕೊಡಿ, ಹತ್ತು ನಿಮಿಷದ ಬಳಿಕ ಆರಿಸು ಎಂದು ಅದರ ಅರ್ಥ. ಸಮಯ ಹೇಳದಿದ್ದರೆ ಕೇವಲ ಒಂದು ನಿಮಿಷ ಎಂದು ಅದು ತಿಳಿಯುತ್ತದೆ. ಕೊನೆಯ ಐದು ನಿಮಿಷ ಹೊಸ ಲಾಗಿನ್‌ಗಳನ್ನು ಅದು ತಾನಾಗಿಯೇ ತಡೆಯುತ್ತದೆ. ನಡುವೆ ಯಾರಾದರೂ ‘ಮೇಡಂ, ಸ್ವಲ್ಪ ತಡೆಯಿರಿ’ ಎಂದರೆ ಅದೇ ಆಜ್ಞೆಗೆ ಮೈನಸ್ ಸಿ ಸೇರಿಸಿ ರದ್ದು ಮಾಡಬಹುದು. ‘ಶಟ್‌ಡೌನ್ ನೌ’ ಎಂಬುದನ್ನು ನೀವೊಬ್ಬರೇ ಇದ್ದೀರಿ ಎಂದು ಖಾತ್ರಿಯಾದಾಗ ಮಾತ್ರ ಬಳಸಿ.

ಅವಸರ ಹುಟ್ಟುವುದು ಮುಂದಿನ ಘಟ್ಟದಲ್ಲಿ. ವ್ಯವಸ್ಥೆ ಪ್ರತಿಯೊಂದು ಪ್ರಕ್ರಿಯೆಗೂ ಮೊದಲು ಮುಗಿಸಿಕೊಳ್ಳುವಂತೆ ಸಂಕೇತ ಕೊಡುತ್ತದೆ, ಕೇಳದಿದ್ದರೆ ಬಲವಂತವಾಗಿ ನಿಲ್ಲಿಸುತ್ತದೆ. ಸೇವೆಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯಲ್ಲಿ ಇದಕ್ಕೆ ಸಾಮಾನ್ಯ ಗಡುವು 90 ಸೆಕೆಂಡು, ಕೆಲವು ಸೇವೆಗಳಿಗೆ ಇನ್ನೂ ಹೆಚ್ಚು. ಕೋಹಾದ ಹಿಂದಿರುವ ಮರಿಯಾಡಿಬಿ ದತ್ತಸಂಚಯ ತನ್ನ ಮೆಮೊರಿಯಲ್ಲಿರುವುದನ್ನೆಲ್ಲ ಬರೆದು ಮುಚ್ಚಿಕೊಳ್ಳುವುದು ಆಗಲೇ. ಪರದೆಯ ಮೇಲೆ ‘ಸ್ಟಾಪ್ ಜಾಬ್’ ಎಂದು ಸೆಕೆಂಡುಗಳು ಓಡುತ್ತಿದ್ದರೆ ಯಂತ್ರ ಕೆಟ್ಟಿದೆ ಎಂದು ಭಾವಿಸಿ ಗುಂಡಿ ಒತ್ತುವವರೇ ಹೆಚ್ಚು. ಕೈ ಕಟ್ಟಿ ನಿಲ್ಲಿ. ಬೀಗದ ಕೈ ಇರುವವರಿಗೂ ಇದನ್ನು ಹೇಳಿಕೊಡಿ.

ಮೂರು ಸಲ ‘ಸಿಂಕ್’ ಎಂದು ಟೈಪ್ ಮಾಡಿ ವಿದ್ಯುತ್ ತೆಗೆದರೆ ಸಾಕು ಎಂದು ಇನ್ನೊಬ್ಬರು ಬರೆದಿದ್ದಾರೆ. ಹಳೆಯ ಯುನಿಕ್ಸ್‌ನಲ್ಲಿ ಈ ರೂಢಿಗೆ ಅರ್ಥವಿತ್ತು: ಸಿಂಕ್ ಆಗ ಬರೆಯುವ ಕೆಲಸವನ್ನು ಹಚ್ಚಿ ತಕ್ಷಣ ಮರಳುತ್ತಿತ್ತು, ಮೂರು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕ್‌ಗೆ ಸಮಯ ಸಿಗುತ್ತಿತ್ತು. ಲಿನಕ್ಸ್‌ನಲ್ಲಿ ಸಿಂಕ್ ತಾನೇ ಕಾಯುತ್ತದೆ, ಒಮ್ಮೆ ಕೊಟ್ಟರೆ ಸಾಕು. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಕೈಗೆ ಬಂದದ್ದನ್ನಷ್ಟೇ ಅದು ಬರೆಯುವುದು. ಮಗು ಇನ್ನೂ ಉಳಿಸದ ಕಡತದ ಸುದ್ದಿಯೇ ಅದಕ್ಕಿಲ್ಲ.

ಸರ್ವರ್ ನಿಜಕ್ಕೂ ಸೆಟೆದುಕೊಂಡರೆ ಮೊದಲು ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋಗಲು ನೋಡಿ. ಪರದೆ ಮಾತ್ರ ನಿಂತಿರುವುದು ಬಹಳ ಸಲ ಇರುತ್ತದೆ. ಅದೂ ಆಗದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಕೆಲವು ಸೆಕೆಂಡು ಬಿಟ್ಟು ಬಿಟ್ಟು ಒತ್ತಿ. ಎಸ್ ಬಾಕಿಯನ್ನು ಡಿಸ್ಕ್‌ಗೆ ಬರೆಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಎಂದು ಮಾಡುತ್ತದೆ, ಬಿ ಮರುಚಾಲನೆ ಮಾಡುತ್ತದೆ. ಉಬುಂಟುವಿನ ಮೂಲ ಹೊಂದಿಕೆಯಲ್ಲಿ ಈ ಮೂರಕ್ಕೂ ಅನುಮತಿ ಇರುತ್ತದೆ.

ಗುಂಡಿಗೂ ಒಂದು ವ್ಯವಸ್ಥೆ ಮಾಡಿ. ಲಾಗಿನ್ ಮತ್ತು ಗುಂಡಿ ಒತ್ತುವಿಕೆಯನ್ನು ನೋಡಿಕೊಳ್ಳುವ ಲಾಗಿನ್‌ಡಿ (ಲಾಗಿಂಡ್) ಸೇವೆಯ ಸಂರಚನಾ ಕಡತದಲ್ಲಿ ‘ಹ್ಯಾಂಡಲ್ ಪವರ್ ಕೀ’ ಎಂಬುದಕ್ಕೆ ‘ಇಗ್ನೋರ್’ ಕೊಟ್ಟರೆ ಯಾರೋ ಅಕಸ್ಮಾತ್ತಾಗಿ ಮುಟ್ಟಿದ್ದಕ್ಕೆ ಸರ್ವರ್ ಆರುವುದಿಲ್ಲ. ಒತ್ತಿ ಹಿಡಿಯುವುದನ್ನು ಮಾತ್ರ ಇದು ತಡೆಯಲಾರದು, ಅದಕ್ಕೆ ಸರ್ವರನ್ನು ಬೀರುವಿನೊಳಗೆ ಗಾಳಿಯಾಡುವಂತೆ ಇಡುವುದೇ ದಾರಿ.

ಕರೆಂಟ್ ಹೋದಾಗಿನ ಮಾತು: ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ತಂತಿ ಜೋಡಿಸಿ, ನಟ್ ಎಂಬ ತಂತ್ರಾಂಶ ಹಾಕಿದರೆ ಬ್ಯಾಟರಿ ಕಡಿಮೆಯಾದಾಗ ಅದೇ ಕ್ರಮವಾಗಿ ಆರಿಸುತ್ತದೆ. ಆದರೆ ಬ್ಯಾಟರಿ ಹಳೆಯದಾದರೆ ‘ಕಡಿಮೆ’ ಎನ್ನುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಕರೆಂಟ್ ಹೋದ ಐದು ನಿಮಿಷಕ್ಕೇ ಆರಿಸಲು ಆರಂಭಿಸುವಂತೆ ಹೊಂದಿಸುವುದು ವಾಸಿ. ರಜೆಯ ದಿನ ಪ್ಲಗ್ ಕಿತ್ತು ಪರೀಕ್ಷಿಸಿ.

ಈ ಕ್ರಮ ಒಂದೆರಡು ವಾರ ನಡೆಸಿದ ಮೇಲೆ ‘ಲಾಸ್ಟ್ ಮೈನಸ್ ಎಕ್ಸ್’ ಆಜ್ಞೆ ಕೊಟ್ಟು ನೋಡಿ. ಸರಿಯಾಗಿ ಆರಿದ ದಿನ ‘ಶಟ್‌ಡೌನ್’ ಎಂಬ ಸಾಲು ಇರುತ್ತದೆ, ಕಡಿದ ದಿನ ‘ಕ್ರ್ಯಾಶ್’ ಎಂದಿರುತ್ತದೆ. ಎಲ್ಲವೂ ಶಟ್‌ಡೌನ್ ಆಗಿದ್ದು ಆಮೇಲೂ ಸೊನ್ನೆ ಬೈಟ್ ಕಡತ ಕಂಡರೆ ಡಿಸ್ಕ್‌ನ ಸ್ಮಾರ್ಟ್ ವರದಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಮಾಹಿತಿ) ಇಲ್ಲಿ ಹಾಕಿ. ಯುಪಿಎಸ್‌ನ ಮಾದರಿ ಮತ್ತು ಅದರ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇದೆಯೇ ಎಂಬುದನ್ನೂ ತಿಳಿಸಿ, ನಟ್ ಹೊಂದಿಕೆಯನ್ನು ನಾನೇ ಬರೆದು ಕೊಡುತ್ತೇನೆ.